ಓದುಗರ ಪ್ರಶ್ನೆ: ಎಸ್‌ವಿಜಿ ಪಿಡಿಎಫ್ ಆದಾಗ ಕನ್ನಡದ ಒತ್ತಕ್ಷರ ಒಡೆಯುವುದೇಕೆ?

ಪ್ರಶ್ನೆ: ಪ್ರಮಾಣಪತ್ರದ ಮಾದರಿಯನ್ನು ಎಸ್‌ವಿಜಿಯಲ್ಲಿ (ಆಕೃತಿ, ಪಠ್ಯಗಳನ್ನು ಬರಹದ ರೂಪದಲ್ಲಿ ಇಡುವ ಚಿತ್ರಕಡತ) ಮಾಡಿ, ಪೈಥಾನ್‌ನ ಕೈರೋಎಸ್‌ವಿಜಿ ಲೈಬ್ರರಿಯಿಂದ ಪಿಡಿಎಫ್ ಮಾಡುತ್ತಿದ್ದೇನೆ. ಬ್ರೌಸರಿನಲ್ಲಿ ಹೆಸರುಗಳು ಸರಿಯಾಗಿವೆ. ಪಿಡಿಎಫ್‌ನಲ್ಲಿ ಮಾತ್ರ ‘ಶ್ರೀ’ ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಳೆಯ ನುಡಿ ಫಾಂಟಿನ ಕಡತಗಳಿಗೆ ಈ ತೊಂದರೆ ಇಲ್ಲ. ಯೂನಿಕೋಡ್ ಫಾಂಟ್ ಕೆಟ್ಟಿದೆಯೇ?

ಉತ್ತರ: ಫಾಂಟ್ ಕೆಟ್ಟಿಲ್ಲ, ಅದನ್ನು ಬದಲಿಸುತ್ತಾ ದಿನ ಕಳೆಯಬೇಡಿ. ‘ಶ್ರೀ’ ಯೂನಿಕೋಡ್‌ನಲ್ಲಿ ಶ, ವಿರಾಮ (ಸ್ವರವನ್ನು ತೆಗೆಯುವ ‘್’ ಗುರುತು), ರ, ಈ-ಕಾರ ಎಂಬ 4 ಸಂಕೇತಗಳ ಸರಣಿ. ಇವನ್ನು ಒಟ್ಟಾಗಿ ನೋಡಿ, ಯಾವುದು ಒತ್ತಾಗಿ ಕೆಳಗಿಳಿಯಬೇಕು, ಗುಣಿತದ ಗುರುತು ಎಲ್ಲಿ ಸೇರಬೇಕು ಎಂದು ನಿರ್ಧರಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಬ್ರೌಸರ್ ಅದನ್ನು ಮಾಡುತ್ತದೆ. ಕೈರೋಎಸ್‌ವಿಜಿ ಮಾಡುವುದಿಲ್ಲ: ಪಠ್ಯವನ್ನು ಒಂದೊಂದೇ ಸಂಕೇತವಾಗಿ ಎತ್ತಿಕೊಂಡು ಬರೆಯುತ್ತಾ ಹೋಗುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ನುಡಿಯ ಹಳೆಯ ಫಾಂಟುಗಳಲ್ಲಿ ಒತ್ತು, ಗುಣಿತದ ತುಣುಕುಗಳೇ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕುಳಿತಿರುವುದರಿಂದ ಅಲ್ಲಿ ಶೇಪಿಂಗಿನ ಅಗತ್ಯವೇ ಬರುವುದಿಲ್ಲ. ಹಾಗೆಂದು ಅದಕ್ಕೆ ಮರಳಬೇಡಿ. ಆ ಪಿಡಿಎಫ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗದು, ನಕಲು ಮಾಡಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಬರುತ್ತವೆ.

ಎಸ್‌ವಿಜಿಯಿಂದ ಪಿಡಿಎಫ್‌ಗೆ ಲಿಬ್‌ಆರ್‌ಎಸ್‌ವಿಜಿ ಎಂಬ ಲೈಬ್ರರಿ ಬಳಸಿ. ಅದು ಪಠ್ಯವನ್ನು ಶೇಪಿಂಗ್ ಮಾಡಿಸುವ ಪ್ಯಾಂಗೋ, ಹಾರ್ಫ್‌ಬಜ್ ಲೈಬ್ರರಿಗಳ ಮೂಲಕ ಹಾಯಿಸುತ್ತದೆ, ಹಾಗಾಗಿ ಒತ್ತಕ್ಷರ ಕೂಡಿಕೊಂಡೇ ಬರುತ್ತದೆ. ಜೊತೆಗೆ ಸಿಗುವ ಆರ್‌ಎಸ್‌ವಿಜಿ-ಕನ್ವರ್ಟ್ ಆಜ್ಞೆಗೆ ಔಟ್‌ಪುಟ್ ಪಿಡಿಎಫ್ ಎಂದು ಹೇಳಿದರೆ ಸಾಕು, ಪೈಥಾನಿನಿಂದಲೂ ಅದನ್ನು ಕರೆಯಬಹುದು. ಆದರೆ ಎಸ್‌ವಿಜಿಯೊಳಗೆ ಕೊಂಡಿಯಾಗಿ ಕೊಟ್ಟ ವೆಬ್‌ಫಾಂಟನ್ನು ಅದು ಓದುವುದಿಲ್ಲ. ಫಾಂಟ್ ಆ ಯಂತ್ರದಲ್ಲೇ ಇನ್‌ಸ್ಟಾಲ್ ಆಗಿರಬೇಕು. ಸ್ವಂತ ಲ್ಯಾಪ್‌ಟಾಪಿನಲ್ಲಿ ಸರಿ ಬಂದದ್ದು ಸರ್ವರಿನಲ್ಲಿ ಖಾಲಿ ಚೌಕಗಳಾದರೆ ಕಾರಣ ಬಹುಮಟ್ಟಿಗೆ ಇದೇ, ಏಕೆಂದರೆ ಸರ್ವರಿನಲ್ಲಿ ತಂತ್ರಾಂಶ ಓಡಿಸಲು ಬಳಸುವ ಡಾಕರ್‌ನ ಚಿಕ್ಕ ಇಮೇಜುಗಳಲ್ಲಿ (ಸಿದ್ಧ ವ್ಯವಸ್ಥೆಯ ಕಟ್ಟು) ಕನ್ನಡ ಫಾಂಟ್ ಇರುವುದಿಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ನೋಟೋ ಅಥವಾ ಗುಬ್ಬಿ, ನವಿಲು ಫಾಂಟಿನ ಪ್ಯಾಕೇಜ್ ಹಾಕಿ. ಇನ್‌ಸ್ಟಾಲ್ ಆದ ಫಾಂಟುಗಳನ್ನು ಪಟ್ಟಿ ಮಾಡುವ ಎಫ್‌ಸಿ-ಲಿಸ್ಟ್ ಆಜ್ಞೆಯಲ್ಲಿ ಆ ಹೆಸರು ಕಾಣುತ್ತದೆಯೇ ನೋಡಿ, ಎಸ್‌ವಿಜಿಯಲ್ಲೂ ಅದೇ ಹೆಸರನ್ನು ಅಕ್ಷರಶಃ ಬರೆಯಿರಿ.

ಮೊದಲ ಪರೀಕ್ಷೆಗೆ ‘ನಗರ’, ‘ಕಮಲ’ ಬೇಡ, ಅವು ಎಲ್ಲಿಯೂ ಕೆಡುವುದಿಲ್ಲ. ‘ಸ್ತ್ರೀ, ರಾಷ್ಟ್ರ, ವರ್ಗ, ಕ್ಷೇತ್ರ, ಕೊಪ್ಪಳ’ ಎಂಬ ಸಾಲು ಹಾಕಿ. ಎರಡು ಒತ್ತು, ಅರ್ಕಾವತ್ತು, ಒ-ಕಾರ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಬಳಿಕ ಪಿಡಿಎಫ್‌ನಿಂದ ಆ ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ. ಕಣ್ಣಿಗೆ ಸರಿಯಿದ್ದರೂ ‘ವರ್ಗ’ ಅಂಟಿಸಿದಾಗ ಅಕ್ಷರಗಳು ಹಿಂದುಮುಂದಾಗಬಹುದು. ಪಿಡಿಎಫ್‌ನಲ್ಲಿ ಉಳಿಯುವುದು ಆಕೃತಿಗಳ ಕ್ರಮ, ಅರ್ಕಾವತ್ತಿನ ಆಕೃತಿ ಗ-ಕಾರದ ನಂತರವೇ ಬರುತ್ತದೆ. ಮುದ್ರಣಕ್ಕೆ ಮಾತ್ರವಾದರೆ ಇದರಿಂದ ತೊಂದರೆಯಿಲ್ಲ. ಹೆಸರಿನಿಂದ ಹುಡುಕಬೇಕಾದ ಕಡತವಾದರೆ ಹೆಸರುಗಳನ್ನು ಡೇಟಾಬೇಸಿನಲ್ಲೇ ಇಟ್ಟುಕೊಳ್ಳಿ, ಪಿಡಿಎಫ್‌ನಿಂದ ಮರಳಿ ತೆಗೆಯುವ ಯೋಜನೆ ಬೇಡ.

ಪ್ರಶ್ನೆ: ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಹಿಂದೆ ಎ4 ಅಳತೆಗೆ ಮಾಡಿದ ಎಸ್‌ವಿಜಿ ಕಡತ ಈಗ ಪಿಡಿಎಫ್ ಆದಾಗ ಸಣ್ಣದಾಗುತ್ತಿದೆ.

ಉತ್ತರ: ಕಡತವನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಮೊದಲ ಸಾಲುಗಳಲ್ಲಿ ಅಗಲ ಎಷ್ಟಿದೆ ನೋಡಿ. ಸುಮಾರು 744 ಇದ್ದರೆ ಅದು 0.92ಕ್ಕಿಂತ ಹಿಂದಿನ ಆವೃತ್ತಿಯದು. ಆಗ ಇಂಕ್‌ಸ್ಕೇಪ್ ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿತ್ತು, ಈಗ ಎಲ್ಲೆಡೆ 96. ಹಾಗಾಗಿ 210 ಮಿ.ಮೀ. ಪುಟ ಸುಮಾರು 197 ಮಿ.ಮೀ. ಆಗುತ್ತದೆ. ಅಗಲವನ್ನು 210 ಮಿ.ಮೀ., ಎತ್ತರವನ್ನು 297 ಮಿ.ಮೀ. ಎಂದು ಘಟಕದ ಸಮೇತ ಬರೆಯಿರಿ, ವ್ಯೂಬಾಕ್ಸಿನಲ್ಲಿ (ಒಳಗಿನ ಚಿತ್ರದ ಅಳತೆ ಹೇಳುವ ಜಾಗ) ಹಳೆಯ ಸಂಖ್ಯೆಗಳನ್ನೇ (0 0 744.09 1052.36) ಇಡಿ. ಒಳಗಿನ ಚಿತ್ರವನ್ನು ಮುಟ್ಟಬೇಕಿಲ್ಲ. ಪುಟ 280 ಮಿ.ಮೀ. ಅಗಲಕ್ಕೆ ಹಿಗ್ಗಿದ್ದರೆ ಅದು ಬೇರೆ ತಪ್ಪು: ಎ4 ಅಗಲದ 794 ಪಿಕ್ಸೆಲ್‌ಗಳನ್ನು ಯಾರೋ 794 ಪಾಯಿಂಟ್ ಎಂದು ಓದಿದ್ದಾರೆ. ಪಿಡಿಎಫ್‌ನ ಪಾಯಿಂಟ್ ಇಂಚಿಗೆ 72, ಆದ್ದರಿಂದ 0.75ರಿಂದ ಗುಣಿಸಬೇಕು.

ಪ್ರಶ್ನೆ: ಪೈಥಾನ್‌ನ ಪೈಮುಪಿಡಿಎಫ್ ಲೈಬ್ರರಿಯಿಂದ ಪಿಡಿಎಫ್ ಪುಟಗಳನ್ನು ಎಸ್‌ವಿಜಿ ಮಾಡಿ ಒಂದೇ ವೆಬ್‌ಪುಟದಲ್ಲಿ ಸೇರಿಸಿದೆ. ಎರಡನೇ ಪುಟದ ಅಕ್ಷರಗಳೆಲ್ಲ ಅದಲುಬದಲು!

ಉತ್ತರ: ಈ ಲೈಬ್ರರಿ ಪ್ರತಿ ಅಕ್ಷರದ ಆಕೃತಿಯನ್ನು ಒಮ್ಮೆ ಬರೆದು ಅದಕ್ಕೊಂದು ಗುರುತು ಕೊಡುತ್ತದೆ, ಉಳಿದೆಡೆ ಆ ಗುರುತನ್ನಷ್ಟೇ ಕರೆಯುತ್ತದೆ. ಪುಟಗಳನ್ನು ಪ್ರತ್ಯೇಕವಾಗಿ ಪರಿವರ್ತಿಸಿದಾಗ ಅದೇ ಗುರುತುಗಳು ಮರುಕಳಿಸಬಹುದು. ಒಂದೇ ವೆಬ್‌ಪುಟಕ್ಕೆ ಅಂಟಿಸಿದರೆ ಬ್ರೌಸರ್ ಮೊದಲು ಸಿಕ್ಕಿದ ಆಕೃತಿಯನ್ನೇ ಹಾಕುತ್ತದೆ. ಪ್ರತಿ ಎಸ್‌ವಿಜಿಯನ್ನೂ ಬೇರೆ ಕಡತವಾಗಿಟ್ಟು ಇಮೇಜ್ ಟ್ಯಾಗಿನಿಂದ ತೋರಿಸಿ. ಒಳಗೇ ಸೇರಿಸಲೇಬೇಕೆಂದರೆ ಎಲ್ಲ ಗುರುತುಗಳಿಗೂ, ಅವನ್ನು ಕರೆಯುವ ಕಡೆಗೂ ಪುಟಸಂಖ್ಯೆಯನ್ನು ಮುಂದೆ ಸೇರಿಸಿ. ಚಿತ್ರದ ಎಷ್ಟು ಭಾಗ ಕಾಣಬೇಕು ಎಂದು ಹೇಳುವ ಕ್ಲಿಪ್ ಗುರುತುಗಳನ್ನು ಮರೆಯಬೇಡಿ, ಮರೆತರೆ ಚಿತ್ರಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಪಠ್ಯವನ್ನು ಪಾತ್ (ಅಕ್ಷರದ ಹೊರರೇಖೆ) ಆಗಿ ಬರೆಯುವ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ. ಕನ್ನಡಕ್ಕೆ ಅದನ್ನು ಹಾಗೆಯೇ ಬಿಡಿ.

ಪ್ರಶ್ನೆ: ಎಕ್ಸ್‌ಪಿಎಸ್ (ಪಿಡಿಎಫ್‌ನಂಥದೇ ಮೈಕ್ರೋಸಾಫ್ಟ್‌ನ ಪುಟರೂಪ) ಕಡತಗಳನ್ನು ಪಿಡಿಎಫ್ ಮಾಡಲು ಇದೇ ಲೈಬ್ರರಿ ಸಾಕೇ?

ಉತ್ತರ: ಸಾಕು. ಕಡತ ತೆರೆದು ಕನ್ವರ್ಟ್-ಟು-ಪಿಡಿಎಫ್ ಕರೆಯಿರಿ. ಅದು ಮರಳಿಸುವುದು ಬೈಟ್‌ಗಳನ್ನು, ಕಡತವನ್ನಲ್ಲ. ಬೈನರಿ ರೂಪದಲ್ಲೇ ಬರೆದುಕೊಳ್ಳಿ. ಲಿಂಕುಗಳು, ಬುಕ್‌ಮಾರ್ಕುಗಳು ಜೊತೆಗೆ ಬರುವುದಿಲ್ಲ, ಮೂಲದಿಂದ ಓದಿ ಪ್ರತ್ಯೇಕವಾಗಿ ಸೇರಿಸಬೇಕು. ಪರವಾನಗಿಯನ್ನು ಮೊದಲೇ ಓದಿ: ಪೈಮುಪಿಡಿಎಫ್ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿದೆ. ನಿಮ್ಮ ತಂತ್ರಾಂಶದಲ್ಲಿ ಸೇರಿಸಿ ಜಾಲದ ಮೂಲಕ ಸೇವೆ ಕೊಟ್ಟರೆ ನಿಮ್ಮ ಮೂಲ ಸಂಕೇತವನ್ನು ಬಳಕೆದಾರರಿಗೆ ಒದಗಿಸಬೇಕು, ಇಲ್ಲವೇ ಅದರ ಒಡೆತನದ ಕಂಪನಿ ಆರ್ಟಿಫೆಕ್ಸ್‌ನಿಂದ ವಾಣಿಜ್ಯ ಪರವಾನಗಿ ಕೊಳ್ಳಬೇಕು. ಲಿಬ್‌ಆರ್‌ಎಸ್‌ವಿಜಿ ಇನ್ನೂ ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಯದು, ಅಲ್ಲಿ ಈ ಕಟ್ಟುಪಾಡು ಇಲ್ಲ.