ನಮ್ಮಿಬ್ಬರಿಗೂ ಏನಾದರೂ ಆದರೆ ಮಕ್ಕಳು ಯಾರ ಹತ್ತಿರ ಇರಬೇಕು? ಮೊದಲೇ ಬರೆದಿಡಬಹುದಾ?

ನೀವಿಬ್ಬರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದೀರಿ, 3 ಮತ್ತು 6 ವರ್ಷದ ಮಕ್ಕಳಿದ್ದಾರೆ, ಊರು ದೂರ. ಒಟ್ಟಿಗೆ ಏನಾದರೂ ಆಗಿಬಿಟ್ಟರೆ ಮಕ್ಕಳು ನಿಮ್ಮ ತಂಗಿಯ ಹತ್ತಿರ ಬೆಳೆಯಲಿ ಅಂತ ಆಸೆ. ಬಾಯಲ್ಲಿ ಹೇಳಿಟ್ಟರೆ ಸಾಕಾ, ಕಾಗದ ಬೇಕಾ ಅಂತ ಕೇಳಿದ್ದೀರಿ. ಕಾಗದ ಬೇಕು. ಅದೂ ಒಂದಲ್ಲ, ಎರಡು. ನಾನು ವಕೀಲೆ ಅಲ್ಲ. ಆದರೆ ಎರಡು ವರ್ಷದ ಹಿಂದೆ ನಾವೂ ಇದನ್ನೆಲ್ಲ ಮಾಡಿ ಮುಗಿಸಿದೆವು.

ತುಮಕೂರು ರಸ್ತೆಯಲ್ಲಿ ನಮ್ಮ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ನನ್ನ ಭುಜದ ಮೂಳೆ ಮುರಿಯಿತು, ನಮ್ಮವರ ತಲೆಗೆ ಆರು ಹೊಲಿಗೆ. ಇಬ್ಬರೂ ಆಸ್ಪತ್ರೆಯಲ್ಲಿ. ಮಗಳ ಶಾಲೆ ಮೂರೂವರೆಗೆ ಬಿಡುತ್ತದೆ. ಪಕ್ಕದ ಮನೆ ಆಂಟಿ ಆಟೋ ಹಿಡಿದು ಓಡಿದರು. ಶಾಲೆಯವರು ಮಗುವನ್ನು ಕಳಿಸಲಿಲ್ಲ, ಯಾಕೆಂದರೆ ಕಾರ್ಡಿನಲ್ಲಿ ಆಂಟಿಯ ಹೆಸರಿರಲಿಲ್ಲ. ಅವರ ತಪ್ಪೂ ಅಲ್ಲ ಬಿಡಿ. ನನ್ನ ಫೋನು ಕಾರಿನ ಸೀಟಿನ ಕೆಳಗೆ ಎಲ್ಲೋ ಬಿದ್ದಿತ್ತು. ಮಗಳು ಸಂಜೆ ಆರರವರೆಗೆ ವಾಚ್‌ಮನ್ ಕುರ್ಚಿಯಲ್ಲಿ ಕೂತು ಅವನು ಕೊಟ್ಟ ಬಿಸ್ಕೆಟ್ ತಿಂದಳಂತೆ.

ಹಾಗಾಗಿ ಮೊದಲ ಕಾಗದ ಈ ಥರದ ದಿನಕ್ಕೆ. ನಾವು ಬದುಕಿದ್ದೇವೆ, ಆದರೆ ಎರಡು ದಿನ ಕೈಗೆ ಸಿಗುವುದಿಲ್ಲ ಅನ್ನುವ ಹೊತ್ತಿಗೆ. ಮಕ್ಕಳನ್ನು ಯಾರು ಕರೆದುಕೊಂಡು ಹೋಗಬಹುದು, ಆಸ್ಪತ್ರೆಗೆ ಯಾರು ಸೇರಿಸಬಹುದು, ಯಾವ ಔಷಧಿ ಆಗಿಬರಲ್ಲ, ಊರಿನವರ ನಂಬರು. ಇಬ್ಬರೂ ಸಹಿ ಹಾಕಿ, ಆಧಾರ್ ಜೆರಾಕ್ಸ್ ಸೇರಿಸಿ, ಒಂದು ಪ್ರತಿ ಶಾಲೆಗೆ, ಒಂದು ಪ್ರತಿ ಆಂಟಿಗೆ ಕೊಟ್ಟೆವು. ಇದು ಗಾರ್ಡಿಯನ್ ನೇಮಕ ಅಲ್ಲ. ಕೆಲವರು ಪವರ್ ಆಫ್ ಅಟಾರ್ನಿ ಮಾಡಿಸಿದರೆ ಎಲ್ಲ ಆಯಿತು ಅಂದುಕೊಂಡಿರುತ್ತಾರೆ. ಅದನ್ನು ಕೊಟ್ಟವರು ಸತ್ತರೆ ಅದರ ಕಥೆಯೂ ಅಲ್ಲಿಗೇ ಮುಗಿಯಿತು.

ಇಬ್ಬರೂ ಇಲ್ಲದ ಮೇಲೆ ನಡೆಯುವುದು ವಿಲ್. ಆಸ್ತಿ ಇದ್ದವರಿಗೆ ಮಾತ್ರ ವಿಲ್ ಅಂತ ನಾನೂ ಅಂದುಕೊಂಡಿದ್ದೆ. ಮಕ್ಕಳಿಗೆ ಗಾರ್ಡಿಯನ್ ಹೆಸರಿಸುವುದೂ ಅದರಲ್ಲೇ. ಹಿಂದೂಗಳಿಗೆ (ಬೌದ್ಧ, ಜೈನ, ಸಿಖ್ಖರೂ ಸೇರಿ) 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಇದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ನಿಯಮ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿ. 1956ರ ಕಾಯ್ದೆಯಲ್ಲಿ ಮಗುವಿಗೆ ಗಾರ್ಡಿಯನ್ ಅಂದರೆ ತಂದೆ ಮೊದಲು, ಅವನ 'ನಂತರ' ತಾಯಿ ಅಂತಿದೆ. ಈ 'ನಂತರ' ಅಂದರೆ ಅವನು ಸತ್ತ ಮೇಲೆ ಅಂತ ಮಾತ್ರ ಅಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿತು. ಓದಿದಾಗ ಸ್ವಲ್ಪ ಸಿಟ್ಟು ಬಂದಿತ್ತು, ಅಷ್ಟು ಹೇಳೋಕೆ ಕೋರ್ಟಿಗೆ ಹೋಗಬೇಕಾಯಿತಲ್ಲ ಅಂತ.

ನಿಮಗೆ ಮುಖ್ಯವಾದ ವಿಷಯ ಇಲ್ಲಿದೆ. ಗಂಡ ವಿಲ್‌ನಲ್ಲಿ ಯಾರನ್ನೇ ಹೆಸರಿಸಿದ್ದರೂ, ಅವರು ಹೋದ ಮೇಲೆ ತಾಯಿ ಇರುವವರೆಗೆ ಆ ನೇಮಕ ಸುಮ್ಮನೆ ಮಲಗಿರುತ್ತದೆ. ಆಮೇಲೆ ತಾಯಿ ತನ್ನ ವಿಲ್‌ನಲ್ಲಿ ಬೇರೆ ಹೆಸರು ಬರೆದು ತೀರಿಕೊಂಡರೆ ಆ ಹೆಸರು ನಡೆಯುತ್ತದೆ. ಏನೂ ಬರೆಯದೆ ಹೋದರೆ ಗಂಡ ಬರೆದದ್ದು ಎದ್ದು ಕೂರುತ್ತದೆ. ಅದಕ್ಕೇ ಇಬ್ಬರೂ ಬೇರೆ ಬೇರೆ ವಿಲ್ ಬರೆಯಿರಿ, ಎರಡರಲ್ಲೂ ಒಂದೇ ಹೆಸರಿರಲಿ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಕಡ್ಡಾಯ ಅಲ್ಲ. ನಾವು ಮಾಡಿಸಿದೆವು, ನಾಳೆ ಸಹಿ ಯಾರದ್ದು ಅಂತ ತಕರಾರು ಬರಬಾರದು ಅಂತ.

ಇಷ್ಟೆಲ್ಲ ಬರೆದರೂ ಯಾರಾದರೂ ತಕರಾರು ತೆಗೆದರೆ ಕೋರ್ಟು ಮೊದಲು ನೋಡುವುದು ಮಗುವಿನ ಹಿತವನ್ನೇ. ಏನೂ ಬರೆದಿಲ್ಲ ಅಂದರೆ ನೆಂಟರಲ್ಲಿ ಒಬ್ಬರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿ ಕಾಯಬೇಕು. ಅಲ್ಲೂ ತೀರಿಹೋದ ಅಪ್ಪ ಅಮ್ಮನ ಇಚ್ಛೆ ಏನಿತ್ತು ಅಂತ ಕೋರ್ಟು ಗಮನಿಸುತ್ತದೆ.

ಈಗ ಕಷ್ಟದ ಭಾಗ. ಯಾರು?

ನಮ್ಮತ್ತೆ "ಬಿಡ್ತು ಅನ್ನಮ್ಮ, ಎಂಥ ಮಾತು" ಅಂದರು. ಆಮೇಲೆ "ನಾವಿಲ್ವಾ?" ಅಂದರು. ಮಾವನವರಿಗೆ ಆಗ 71. ಚಿಕ್ಕ ಮಗನಿಗೆ 4. ಅವನಿಗೆ 18 ತುಂಬುವಾಗ ಮಾವನವರಿಗೆ 85 ಆಗಿರುತ್ತದೆ. ಈ ಲೆಕ್ಕ ನಾವು ಹೇಳಲಿಲ್ಲ. ಮಾವನವರೇ ಪೇಪರ್ ಮಡಚಿಟ್ಟು ಹೇಳಿದರು.

ಕೊನೆಗೆ ಮನಸ್ಸು ಹೋಗಿದ್ದು ಹಾಸನದ ನಾದಿನಿಯ ಕಡೆ. ಕೇಳೋಕೆ ಅಂತಲೇ ಬಸ್ ಹತ್ತಿ ಹೋದೆ. ಫೋನಿನಲ್ಲಿ ಕೇಳುವ ಮಾತಲ್ಲ ಇದು. ಅವರ ಮನೆಯಲ್ಲಿ ಅವತ್ತು ಹಿತಕಿದ ಬೇಳೆ ಸಾರು, ಇಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಹೇಳಿದೆ. ಅವಳ ಬೆರಳು ನಿಂತಿತು. ತುಂಬಾ ಹೊತ್ತಾದ ಮೇಲೆ, "ಅತ್ತಿಗೆ, ನಮ್ಮನೇಲಿ ಇರೋದು ಎರಡೇ ರೂಮು" ಅಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇಕಿರಲಿಲ್ಲ. ನಿಜವಾಗಿ ಯೋಚನೆ ಮಾಡುವವರು ಮಾತ್ರ ರೂಮು ಎಣಿಸುತ್ತಾರೆ. ರಾತ್ರಿ ಅವಳ ಗಂಡನೂ ಕೂತರು. ಅವರು ದುಡ್ಡಿನ ವಿಷಯ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು.

ಮಗುವನ್ನು ನೋಡಿಕೊಳ್ಳುವವರು ಬೇರೆ, ಮಗುವಿನ ಆಸ್ತಿ ನೋಡಿಕೊಳ್ಳುವವರು ಬೇರೆ ಇರಬಹುದು, ಕಾನೂನಿನಲ್ಲಿ ಅವಕಾಶ ಇದೆ. ನನ್ನ ತಮ್ಮನಿಗೆ ಮಕ್ಕಳನ್ನು ಅವನಿಗೆ ಕೊಡಲಿಲ್ಲ ಅಂತ ಬೇಜಾರಾಗಿತ್ತು. ಲೆಕ್ಕದಲ್ಲಿ ಕಟ್ಟುನಿಟ್ಟಿನ ಮನುಷ್ಯ, ಆಸ್ತಿಗೆ ಅವನ ಹೆಸರು ಹಾಕಿದೆವು. ಪಾಲಾಗದ ಕೂಡು ಕುಟುಂಬದ ಆಸ್ತಿಗೆ ಇದು ನಡೆಯಲ್ಲ. ಮಕ್ಕಳ ಹೆಸರಿನ ಸೈಟು ಮಾರಬೇಕು ಅಂದರೆ ಹೆತ್ತವರೇ ಆದರೂ ಕೋರ್ಟಿನ ಅನುಮತಿ ಬೇಕು, ಹಾಗಾಗಿ ಕೈಗೆ ಬೇಗ ಸಿಗುವ ದುಡ್ಡೂ ಸ್ವಲ್ಪ ಇರಲಿ.

ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ತೆಗೆದು ನೋಡಿ. ಮಗು ನಾಮಿನಿ ಆದರೆ, ಅದು ದೊಡ್ಡದಾಗುವವರೆಗೆ ದುಡ್ಡು ಪಡೆಯುವವರ ಹೆಸರು ಬರೆಯಲು 'ಅಪಾಯಿಂಟಿ' ಅಂತ ಜಾಗ ಇರುತ್ತದೆ. ನಮ್ಮದರಲ್ಲಿ ನನ್ನ ಅಪ್ಪನ ಹೆಸರಿತ್ತು. ಅವರು ಹೋಗಿ ಮೂರು ವರ್ಷವಾಗಿತ್ತು.

ವಿಲ್ಲನ್ನು ಬೀರುವಿನಲ್ಲಿಟ್ಟು ಕೀ ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ. ನಾದಿನಿ ಹತ್ತಿರ ಒಂದು ಪ್ರತಿ ಇದೆ, ಎಲ್ಲಿಟ್ಟಿದ್ದಾಳೆ ಅಂತ ಅವಳ ಗಂಡನಿಗೂ ಗೊತ್ತು.

ಅಂದ ಹಾಗೆ, ನಿಮ್ಮ ತಂಗಿಯನ್ನು ಕೇಳಿದ್ದೀರಾ? ಪ್ರಶ್ನೆಯಲ್ಲಿ ಅದೊಂದು ಇರಲಿಲ್ಲ.