ಡಾಕ್ಟ್ರೇ, ಒಂದು ಮಾತು: ಈ ವಾರ ಎಚ್‌ಪಿವಿ ಸೂಜಿ

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿದ್ದಾರೆ. ನಮ್ಮ ಮನೆ ಡಾಕ್ಟರು ಮಗಳನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದಾರೆ, ಒಂದು ದಿನವೂ ಈ ಮಾತು ಎತ್ತಿಲ್ಲ. ಅಷ್ಟು ಮುಖ್ಯ ಆಗಿದ್ದರೆ ಅವರೇ ಹೇಳುತ್ತಿದ್ದರು, ಅಲ್ವಾ? ನಮ್ಮ ಅತ್ತೆಯಂತೂ ಮುಂದೆ ಮಕ್ಕಳಾಗಲ್ಲ, ಯಾರೋ ಹುಡುಗಿಯರು ಸತ್ತೇ ಹೋದರಂತೆ ಎನ್ನುತ್ತಾರೆ.
- ಹೆಸರು ಬೇಡ, ದಾವಣಗೆರೆ

ಉತ್ತರ: ಹೇಳಬೇಕಿತ್ತಮ್ಮ, ಹೇಳಿಲ್ಲ. ಅದು ನಮ್ಮ ಡಾಕ್ಟರ್ ಜಾತಿಯ ತಪ್ಪು. ಬಹಳ ವರ್ಷ ಈ ಸೂಜಿ ಸರ್ಕಾರದ ಉಚಿತ ಪಟ್ಟಿಯಲ್ಲಿ ಇರಲಿಲ್ಲ, ತಾಯಿ ಕಾರ್ಡಿನಲ್ಲಿ ಕಾಣದ್ದು ನಮ್ಮ ಬಾಯಿಗೂ ಬರಲಿಲ್ಲ.

ನಮ್ಮ ದೇಶದ ಹೆಂಗಸರಿಗೆ ಸ್ತನದ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಬರುವುದು ಗರ್ಭಕಂಠದ ಕ್ಯಾನ್ಸರ್. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, 80 ಸಾವಿರದಷ್ಟು ಸಾವು. ಬಹುಪಾಲಿಗೆ ಕಾರಣ ಎಚ್‌ಪಿವಿ ಎಂಬ ವೈರಸ್‌ನ 16 ಮತ್ತು 18 ಎಂಬ ಎರಡೇ ತಳಿ, ಎರಡನ್ನೂ ಈ ಲಸಿಕೆ ತಡೆಯುತ್ತದೆ.

ಅತ್ತೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಬೈಯಬೇಡಿ. 2009-10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಪ್ರಾಯೋಗಿಕವಾಗಿ ಲಸಿಕೆ ಹಾಕುತ್ತಿದ್ದಾಗ, ಹಾಕಿಸಿಕೊಂಡವರಲ್ಲಿ ಏಳು ಹುಡುಗಿಯರು ತೀರಿಕೊಂಡರು. ತನಿಖೆ ಮಾಡಿದಾಗ ಸಿಕ್ಕ ಕಾರಣಗಳು ಹಾವು ಕಡಿತ, ನೀರಿಗೆ ಬಿದ್ದದ್ದು, ಮಲೇರಿಯಾ ಇಂಥವು, ಲಸಿಕೆಗೂ ಸಾವಿಗೂ ಸಂಬಂಧ ಕಾಣಲಿಲ್ಲ. ಆದರೆ ಅಪ್ಪ ಅಮ್ಮನ ಒಪ್ಪಿಗೆ ಕೇಳದೆ ಹಾಸ್ಟೆಲ್ ವಾರ್ಡನ್‌ಗಳ ಕೈಯಲ್ಲಿ ಸಹಿ ಹಾಕಿಸಿದ್ದು ಬಯಲಾಯಿತು. ಅದು ನಿಜವಾದ ತಪ್ಪು. ಜನರಿಗೆ ಸಾವು ನೆನಪಿದೆ, ತನಿಖೆಯಲ್ಲಿ ಏನು ಬಂತು ಅನ್ನೋದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಆ ಗಲಾಟೆಯಿಂದ ದೇಶದಲ್ಲಿ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಬಿದ್ದಿತ್ತು. ಅವರನ್ನು ಹತ್ತು ವರ್ಷ ನೋಡಿದರೆ, ಒಂದೇ ಡೋಸ್ ಪಡೆದವರಿಗೂ ಹೆಚ್ಚುಕಡಿಮೆ ಪೂರ್ತಿ ಡೋಸ್ ಪಡೆದವರಷ್ಟೇ ರಕ್ಷಣೆ! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸೂ ನಡೆಯುತ್ತದೆ ಎಂದದ್ದರ ಹಿಂದೆ ಈ ನಮ್ಮ ಹುಡುಗಿಯರೂ ಇದ್ದಾರೆ.

ಇನ್ನು ಮಕ್ಕಳಾಗಲ್ಲ ಅನ್ನೋದಕ್ಕೆ ಆಧಾರವೇ ಇಲ್ಲ. ಕ್ಯಾನ್ಸರ್ ಬಂದು ಗರ್ಭಕೋಶ ತೆಗೆದರೆ ಮಕ್ಕಳಾಗಲ್ಲ. ಅತ್ತೆಗೆ ಇದನ್ನೇ ಹೇಳಿ.

ಪ್ರಶ್ನೆ: ನಾನು ತಾಲ್ಲೂಕು ಊರಿನಲ್ಲಿ ಹೊಸದಾಗಿ ಕ್ಲಿನಿಕ್ ಇಟ್ಟಿರುವ ವೈದ್ಯ. ಎಚ್‌ಪಿವಿ ಬಗ್ಗೆ ಹತ್ತು ನಿಮಿಷ ಬಿಡಿಸಿ ಹೇಳುತ್ತೇನೆ. ತಂದೆ ತಾಯಿ ತಲೆ ಆಡಿಸುತ್ತಾರೆ, "ಯೋಚನೆ ಮಾಡಿ ಹೇಳ್ತೀವಿ ಸಾರ್" ಎಂದು ಹೋದವರು ಮತ್ತೆ ಬರಲ್ಲ. ಬಂದವರಲ್ಲೂ ಅರ್ಧ ಜನ ಎರಡನೇ ಡೋಸ್‌ಗೆ ಇಲ್ಲ.
- ಹಾಸನ ಜಿಲ್ಲೆ

ಉತ್ತರ: ಡಾಕ್ಟರೇ, ಆ ಹತ್ತು ನಿಮಿಷವೇ ತೊಂದರೆ. ನಾನೂ ಹಾಗೇ ಮಾಡುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿಯ ಅಪ್ಪನಿಗೆ ವೈರಸ್ ಹೇಗೆ ಹರಡುತ್ತದೆ ಎಂದು ಶುರು ಮಾಡಿದೆ. "ಲೈಂಗಿಕ" ಎಂಬ ಪದ ಬಾಯಿಂದ ಬಂದದ್ದೇ ತಡ, ಆ ಮನುಷ್ಯ ಚೀಟಿ ಮಡಚಿ ಜೇಬಿಗಿಟ್ಟು ಮಗಳ ಕೈ ಹಿಡಿದು ಎದ್ದೇಬಿಟ್ಟರು. ಬಾಗಿಲ ಬಳಿ ಚಪ್ಪಲಿ ಹುಡುಕುವಾಗಲೂ ನನ್ನ ಮುಖ ನೋಡಲಿಲ್ಲ.

ಹೆಪಟೈಟಿಸ್ ಬಿ ಕೂಡ ಹಾಗೇ ಹರಡುತ್ತದೆ, ಹುಟ್ಟಿದ ಕೂಸಿಗೆ ಅದನ್ನು ಚುಚ್ಚುವಾಗ ನಾವು ಭಾಷಣ ಮಾಡುತ್ತೇವಾ? ಈಗ ನಾನು ಹೇಳುವುದು ಇಷ್ಟು: "ಹತ್ತು ವರ್ಷ ಆಯ್ತಲ್ಲ, ಇವತ್ತು ಟಿಡಿ (ಧನುರ್ವಾಯು, ಗಂಟಲಮಾರಿ ಸೂಜಿ) ಇದೆ, ಜೊತೆಗೆ ಕ್ಯಾನ್ಸರ್ ಬರದ ಹಾಗೆ ಎಚ್‌ಪಿವಿ. ನನ್ನ ಮಗಳಿಗೂ ಹಾಕಿಸಿದ್ದೀನಿ." ಆಮೇಲೆ ಸುಮ್ಮನಾಗುತ್ತೇನೆ. ಕೇಳಿದರೆ ಎಲ್ಲವನ್ನೂ ಹೇಳುತ್ತೇನೆ, ಮುಚ್ಚಿಡುವುದು ಏನೂ ಇಲ್ಲ. ಬೇಡ ಎಂದರೆ ಬೇಡ, ಮುಂದಿನ ಸಲ ಕೆಮ್ಮಿಗೆ ಬಂದಾಗ ಮತ್ತೆ ಕೇಳುತ್ತೇನೆ. ಇಲ್ಲ ಅಂದವರು ಎಷ್ಟೋ ಜನ ಎರಡನೇ ಸಲಕ್ಕೆ ಹೂಂ ಅಂದಿದ್ದಾರೆ.

"ಇನ್ನೂ ಚಿಕ್ಕವಳು" ಎನ್ನುವವರಿಗೆ ಲೆಕ್ಕ ಹೇಳಿ. ಒಂದು ಡೋಸೂ ನಡೆಯುತ್ತದೆ ಎಂದಿದ್ದರೂ ಕ್ಲಿನಿಕ್‌ನಲ್ಲಿ ನಾವು ಹಾಕುವುದು 15 ತುಂಬುವ ಮೊದಲು ಎರಡು ಡೋಸ್, 15 ತುಂಬಿದರೆ ಮೂರು. ಅಂದರೆ ತಡ ಮಾಡಿದರೆ ಇನ್ನೊಂದು ಸೂಜಿಯ ದುಡ್ಡು ಜಾಸ್ತಿ. ಈ ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಡೋಸ್‌ಗೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಯಾರಿಗೆ ನೆನಪಿರುತ್ತದೆ? ನಾನು ಶಾಲೆಯ ರಜೆಗೆ ಗಂಟು ಹಾಕಿದ್ದೇನೆ. ಏಪ್ರಿಲ್ ರಜೆಯಲ್ಲಿ ಒಂದು, ಅಕ್ಟೋಬರ್‌ನ ದಸರಾ ರಜೆಯಲ್ಲಿ ಇನ್ನೊಂದು. ಕಾಂಪೌಂಡರ್ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಮೊದಲ ಡೋಸ್ ಹಾಕಿದ ದಿನವೇ ಅಕ್ಟೋಬರ್ ಪುಟದಲ್ಲಿ ಕೆಂಪು ಶಾಯಿಯಲ್ಲಿ ಹೆಸರು, ಫೋನ್ ನಂಬರ್. ರಜೆಗೆ ವಾರ ಮುಂಚೆ ಅವನೇ ಫೋನ್ ಮಾಡುತ್ತಾನೆ. ಮೆಸೇಜ್ ಕಳಿಸಿ ನೋಡಿದೆವು, ಯಾರೂ ಓದಲ್ಲ.

ಪ್ರಶ್ನೆ: ಇದು ಬರೀ ಹುಡುಗಿಯರಿಗಾ? - ಇಬ್ಬರು ಗಂಡುಮಕ್ಕಳ ತಾಯಿ, ಶಿರಸಿ

ಉತ್ತರ: ಇಲ್ಲ. ಗಂಡಸರಿಗೂ ಇದೇ ವೈರಸ್‌ನಿಂದ ಗಂಟಲು, ಗುದದ್ವಾರದ ಕ್ಯಾನ್ಸರ್ ಬರಬಹುದು. ಹುಡುಗರಿಗೂ ಹಾಕಿಸಬಹುದು. ಆಸ್ಟ್ರೇಲಿಯಾದಲ್ಲಿ 2013ರಿಂದಲೇ ಶಾಲೆಯಲ್ಲಿ ಹುಡುಗರಿಗೂ ಕೊಡುತ್ತಿದ್ದಾರೆ.

ಪ್ರಶ್ನೆ: ನನಗೆ 24, ಮದುವೆ ಗೊತ್ತಾಗಿದೆ. ತಡವಾಯಿತಾ? - ಮೈಸೂರು

ಉತ್ತರ: ತಡ ಏನಿಲ್ಲ, ಮೂರು ಡೋಸ್ ಹಾಕಿಸಿಕೊಳ್ಳಿ. ಗರ್ಭಿಣಿಯಾದರೆ ಉಳಿದ ಡೋಸ್ ಹೆರಿಗೆ ಆದ ಮೇಲೆ. ಲಸಿಕೆ ಆಗಿದ್ದರೂ ಮೂವತ್ತಾದ ಮೇಲೆ ಗರ್ಭಕಂಠದ ತಪಾಸಣೆ ಬಿಡಬೇಡಿ, ಲಸಿಕೆಯಲ್ಲಿ ಇಲ್ಲದ ತಳಿಗಳೂ ಇವೆ.

ಪ್ರಶ್ನೆ: ಸೂಜಿ ಕಂಡರೆ ಮಗಳು ತಲೆ ಸುತ್ತಿ ಬೀಳುತ್ತಾಳೆ. - ತುಮಕೂರು

ಉತ್ತರ: ಈ ವಯಸ್ಸಿನಲ್ಲಿ ಅದು ಮಾಮೂಲು. ತಿಂಡಿ ತಿನ್ನಿಸಿ ಕರೆತನ್ನಿ, ಸೂಜಿ ಆದ ಮೇಲೆ 15 ನಿಮಿಷ ಅಲ್ಲೇ ಕೂರಿಸಿ ಅಥವಾ ಮಲಗಿಸಿ. ಹೋದ ತಿಂಗಳು ನಮ್ಮಲ್ಲೂ ಒಬ್ಬರು ಬಿದ್ದರು. ಹುಡುಗಿ ಅಲ್ಲ, ಧೈರ್ಯ ಹೇಳಲು ಜೊತೆಗೆ ಬಂದಿದ್ದ ಆರಡಿ ಅಣ್ಣ.