ಬಾಲ ನ್ಯಾಯ ಮಂಡಳಿಯ ಆದೇಶ ಯಾರಿಗೆ ಸಿಗಬೇಕು?

ತುಮಕೂರು ಜಿಲ್ಲೆಯಲ್ಲಿ ಹದಿನಾರು, ಹದಿನೇಳರ ಹುಡುಗರು ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದಾಗಲೆಲ್ಲ ಈ ಅಂಕಣಕ್ಕೆ ಅವೇ ಪ್ರಶ್ನೆಗಳು ಬರುತ್ತವೆ. ಹಿಂದೆ ಕೊಟ್ಟ ಉತ್ತರಗಳನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಈ ಸಲ ಒಂದು ಪ್ರಶ್ನೆಗೆ ಮಾತ್ರ ವಿಸ್ತಾರವಾಗಿ ಬರೆಯುತ್ತೇನೆ.

ಪ್ರಶ್ನೆ: ನನ್ನ ತಮ್ಮನನ್ನು ಹೊಡೆದು ಕೈ ಮುರಿದವನಿಗೆ ಹದಿನೇಳು ವರ್ಷ. ಬಾಲ ನ್ಯಾಯ ಮಂಡಳಿ (ಹದಿನೆಂಟರೊಳಗಿನವರ ಪ್ರಕರಣಗಳನ್ನು ವಿಚಾರಿಸುವ ಮಂಡಳಿ) ಏನು ಆದೇಶ ಮಾಡಿತೆಂದು ಕೇಳಿದರೆ ‘ಗೌಪ್ಯ’ ಎಂದು ವಾಪಸು ಕಳುಹಿಸಿದರು. ಹುಡುಗ ಊರಲ್ಲೇ ತಿರುಗುತ್ತಿದ್ದಾನೆ. ಇದೂ ಒಂದು ಶಿಕ್ಷೆಯೇ? (ಗುಬ್ಬಿ ತಾಲ್ಲೂಕಿನ ಓದುಗರು)

ಉತ್ತರ: ನಿಮಗೆ ‘ಗೌಪ್ಯ’ ಎಂದವರು ಕಾನೂನಿನ ಅರ್ಧವನ್ನಷ್ಟೇ ಓದಿದ್ದಾರೆ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹುಡುಗನ ಹೆಸರು, ವಿಳಾಸ, ಶಾಲೆ ಮತ್ತು ಗುರುತು ಹತ್ತುವ ಯಾವುದೇ ವಿವರವನ್ನು ಪ್ರಕಟಿಸಬಾರದೆನ್ನುತ್ತದೆ. ಆದರೆ ಅದೇ ಕಾಯ್ದೆಯ 99ನೇ ಕಲಂನ ಎರಡನೇ ಉಪಕಲಂ, ನೊಂದವರಿಗೆ ಅವರ ಪ್ರಕರಣದ ದಾಖಲೆ, ಆದೇಶ ಮತ್ತು ಸಂಬಂಧಿಸಿದ ಕಾಗದಪತ್ರಗಳನ್ನು ನಿರಾಕರಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ತಮ್ಮನ ಹೆಸರಿನಲ್ಲಿ ಮಂಡಳಿಗೆ ಲಿಖಿತ ಅರ್ಜಿ ಕೊಟ್ಟು, ಅರ್ಜಿಯ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದರೆ ಉತ್ತರವೂ ಬಾಯಿಮಾತಿನದೇ ಆಗಿರುತ್ತದೆ. ಆಗಲೂ ಕೊಡದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಕೋರಿ. ಹುಡುಗನ ಮನೆಯ ಸ್ಥಿತಿಗತಿಯ ಬಗ್ಗೆ ಪ್ರೊಬೇಷನ್ ಅಧಿಕಾರಿ ಬರೆದ ವರದಿಗಾಗಿ ಮಾತ್ರ ಹಟ ಹಿಡಿಯಬೇಡಿ. ಅಂಥ ವರದಿಗಳನ್ನು ಕಾಯ್ದೆ ಗೌಪ್ಯವೆಂದೇ ಕರೆದಿದೆ. ಆದೇಶ ಕೈಗೆ ಬಂದ ಮೇಲೆ ಅದರ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಿರೋ, ಆರು ತಿಂಗಳವರೆಗಿನ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ನಿಮ್ಮ ಪಾಲಿಗೆ ಬರಬಹುದು.

ಇನ್ನು ಶಿಕ್ಷೆ ಸಾಕೇ ಎಂಬ ಮಾತು. ಇಂಥ ಪ್ರಕರಣದಲ್ಲಿ ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆಗಳಿಂದ ಹಿಡಿದು ಗರಿಷ್ಠ ಮೂರು ವರ್ಷ ವಿಶೇಷ ಗೃಹದಲ್ಲಿ (ಜೈಲಲ್ಲ, ಇಂಥ ಮಕ್ಕಳ ಸುಧಾರಣೆಗೆಂದೇ ಇರುವ ವಸತಿಗೃಹ) ಇರಿಸುವವರೆಗೆ ಮಂಡಳಿಗೆ ಅಧಿಕಾರವಿದೆ. ಹುಡುಗ ಮನೆಯಲ್ಲಿದ್ದಾನೆ ಎಂದ ಮಾತ್ರಕ್ಕೆ ಅವನನ್ನು ಬಿಟ್ಟುಬಿಟ್ಟರು ಎಂದಲ್ಲ. ಮೂರು ವರ್ಷ ಮೀರದ ಅವಧಿಗೆ ಉಸ್ತುವಾರಿಯಲ್ಲಿ ಇರಿಸಿರಬಹುದು. ಆದೇಶದಲ್ಲಿ ನೀವು ಮೊದಲು ನೋಡಬೇಕಾದದ್ದು 18ನೇ ಕಲಂನ ಎರಡನೇ ಉಪಕಲಂನಡಿ ಏನಾದರೂ ಬರೆದಿದ್ದಾರೆಯೇ ಎಂಬುದನ್ನು. ಶಾಲೆಗೆ ಹೋಗಬೇಕು, ವ್ಯಸನಮುಕ್ತಿ ಚಿಕಿತ್ಸೆ ಪಡೆಯಬೇಕು, ಇಂಥ ಜಾಗಕ್ಕೆ ಕಾಲಿಡಬಾರದು ಎಂದೆಲ್ಲ ನಿರ್ದೇಶಿಸಲು ಅದರಲ್ಲಿ ಅವಕಾಶವಿದೆ. ನಿಮ್ಮ ಬೀದಿಗೆ ಬರಬಾರದೆಂದು ಆದೇಶವಿದ್ದೂ ಅವನು ಬರುತ್ತಿದ್ದರೆ, ದೂರಬೇಕಾದದ್ದು ಕಾಯ್ದೆಯನ್ನಲ್ಲ, ಉಸ್ತುವಾರಿ ಹೊತ್ತವರನ್ನು. ಅದನ್ನೂ ಲಿಖಿತವಾಗಿಯೇ ಮಂಡಳಿಯ ಗಮನಕ್ಕೆ ತನ್ನಿ.

ಮೂರು ವರ್ಷ ಕಡಿಮೆಯೆಂದು ನನಗೆ ಅನ್ನಿಸಿಲ್ಲ. ನನ್ನ ಸಿಟ್ಟು ಬೇರೆಡೆಗಿದೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಬಾಕಿ ಪ್ರಕರಣಗಳನ್ನು ಮುಖ್ಯ ನ್ಯಾಯಿಕ ದಂಡಾಧಿಕಾರಿಗಳು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಎಷ್ಟು ಪ್ರಕರಣಗಳು ಗಡುವು ಮೀರಿವೆ, ಉಸ್ತುವಾರಿಯಲ್ಲಿರುವ ಎಷ್ಟು ಮಂದಿ ಶಾಲೆಗೆ ಮರಳಿದ್ದಾರೆ ಎಂಬ ಲೆಕ್ಕವನ್ನು ಒಂದು ಹೆಸರೂ ಇಲ್ಲದೆ ಜಿಲ್ಲಾವಾರು ಪ್ರಕಟಿಸಲು ಏನು ತೊಡಕು? ಜನ ಕೇಳಬೇಕಾದ ಪಾರದರ್ಶಕತೆ ಅದು. ಸಮವಸ್ತ್ರದ ಹುಡುಗನ ಫೋಟೊ ಹಂಚುವುದರಿಂದ ನಿಮ್ಮ ತಮ್ಮನಿಗೆ ದಕ್ಕುವುದು ಏನೂ ಇಲ್ಲ.

ಪ್ರಶ್ನೆ: ಹದಿನಾರು ತುಂಬಿದ್ದರೆ ದೊಡ್ಡವರಂತೆಯೇ ಜೈಲಲ್ಲವೇ? (ತಿಪಟೂರು)

ಉತ್ತರ: ಅಲ್ಲ, ಕನಿಷ್ಠ ಏಳು ವರ್ಷ ಸೆರೆಯಿರುವ ಘೋರ ಅಪರಾಧಗಳಲ್ಲಿ ಮಾತ್ರ, ಅದೂ ಪ್ರಾಥಮಿಕ ಮೌಲ್ಯಮಾಪನದ (ಅಪರಾಧ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ, ಅದರ ಪರಿಣಾಮದ ಅರಿವು ಹುಡುಗನಿಗಿತ್ತೇ ಎಂದು ಮಂಡಳಿ ನೋಡುವುದು) ನಂತರವೇ ಆ ಪ್ರಶ್ನೆ ಏಳುತ್ತದೆ.

ಪ್ರಶ್ನೆ: ಮೂಳೆ ಪರೀಕ್ಷೆ ಮಾಡಿಸಿ ಮಗನ ವಯಸ್ಸು ಹದಿನೆಂಟರೊಳಗೆ ತೋರಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ? (ಶಿರಾ)

ಉತ್ತರ: ಕೋರ್ಟಿನ ಮುಂದೆ ಫೈಲು ಹಿಡಿದು ಓಡಾಡುವವರೆಲ್ಲ ವಕೀಲರಲ್ಲ. ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಯಾವುದೂ ಸಿಗದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.